ಹೊಸಬರು ಎರಡನೇ ಸಲ ಯಾಕೆ ಬರುವುದಿಲ್ಲ?

ಪ್ರಶ್ನೆ: ಮಂಡ್ಯ ಜಿಲ್ಲೆಯ ಒಂದು ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್) ಪಾಲನಾ ಮಂಡಳಿಗೆ ಈ ವರ್ಷ ಸೇರಿದ್ದೇನೆ. ನಮ್ಮ ಚರ್ಚಿಗೆ ಹೊಸಬರು ಬರುತ್ತಲೇ ಇರುತ್ತಾರೆ. ಬ್ಯಾಂಕಿಗೆ ವರ್ಗವಾಗಿ ಬಂದವರು, ನರ್ಸಿಂಗ್ ಓದುವ ಹುಡುಗಿಯರು, ಕಟ್ಟಡ ಕೆಲಸಕ್ಕೆ ಬಂದ ಜಾರ್ಖಂಡ್ ಕಡೆಯ ಹುಡುಗರು. ಎರಡು ಮೂರು ಭಾನುವಾರ ಕಾಣಿಸುತ್ತಾರೆ, ಆಮೇಲೆ ಪತ್ತೆ ಇಲ್ಲ. ಫಾದರ್ ಒಂದು ಸ್ವಾಗತ ತಂಡ ಮಾಡಿ ಎಂದಿದ್ದಾರೆ. ಮಂಡಳಿಯಲ್ಲಿ ಟೀಶರ್ಟ್, ಬ್ಯಾನರ್, ಬಾಗಿಲಲ್ಲಿ ಗುಲಾಬಿ ಎಂದು ಮಾತು ನಡೆದಿದೆ. ಹಿರಿಯರು ಮಾತ್ರ ‘ಪೂಜೆಗೆ ಬರೋದು ದೇವರಿಗೋಸ್ಕರ, ಮಾತಾಡಿಸಿಕೊಳ್ಳೋಕಲ್ಲ’ ಎನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ಟೀಶರ್ಟ್ ಸದ್ಯಕ್ಕೆ ಬೇಡ. ಬ್ಯಾನರ್ ಅಂತೂ ಬೇಡವೇ ಬೇಡ. ಅದರ ಮೇಲೆ ‘ಸುಸ್ವಾಗತ’ ಎಂದು ಬರೆಸಿ, ಕೆಳಗೆ ಮಂಡಳಿಯವರ ಫೋಟೋ ಹಾಕಿಸುವುದರಲ್ಲೇ ಎರಡು ಮೀಟಿಂಗ್ ಮುಗಿದುಹೋಗುತ್ತದೆ.

ಮೊದಲ ಕೆಲಸ ನೋಡುವುದು. ಕೆಲವು ಭಾನುವಾರ ಏನನ್ನೂ ಬದಲಾಯಿಸಬೇಡಿ, ಸುಮ್ನೆ ನೋಡಿ. ಅದೂ ಪೂಜೆಗೆ ಮುಂಚೆ ಬಾಗಿಲಲ್ಲಿ ನಿಂತಲ್ಲ, ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು. ಮೈಸೂರು, ಮಂಡ್ಯದ ಎಷ್ಟೋ ಚರ್ಚುಗಳಲ್ಲಿ ನಾನು ನೋಡಿರುವುದು ಇದೇ ಚಿತ್ರ. ಕೊನೆಯ ಹಾಡು ಮುಗಿಯುತ್ತದೆ. ಮಂಡಳಿಯವರು ಫಾದರ್ ಸುತ್ತ ಸೇರುತ್ತಾರೆ, ಹಾಲ್ ಬಾಡಿಗೆ, ಮೈಕ್ ರಿಪೇರಿ, ಹಬ್ಬದ ಲೆಕ್ಕ. ಹಾಡುವವರು ಒಂದು ಕಡೆ. ಹೆಂಗಸರು ಮರಿಯ ಮಾತೆಯ ಗವಿ ಹತ್ತಿರ. ಹುಡುಗರು ಬೈಕ್ ನಿಲ್ಲಿಸಿದ ಕಡೆ. ಎರಡು ನಿಮಿಷದೊಳಗೆ ಎಲ್ಲ ಗುಂಪೂ ಆಗಿಹೋಗಿರುತ್ತದೆ. ಹೊಸಬರು ಒಂದು ಮೊಂಬತ್ತಿ ಹಚ್ಚುತ್ತಾರೆ, ಫೋನ್ ತೆಗೆದು ನೋಡುತ್ತಾರೆ, ಚಪ್ಪಲಿ ಹಾಕಿಕೊಂಡು ಹೊರಡುತ್ತಾರೆ. ಅವರಿಗೆ ಯಾರೂ ಅವಮಾನ ಮಾಡಿಲ್ಲ. ಯಾರೂ ಗಮನಿಸಿಲ್ಲ, ಅಷ್ಟೇ. ಒಳಗೆ ಬರುವಾಗ ಕೈಗೆ ಗುಲಾಬಿ ಕೊಟ್ಟಿದ್ದರೂ ಹೊರಗೆ ಹೋಗುವಾಗ ಅವರು ಒಬ್ಬರೇ.

ಇದರಲ್ಲಿ ಒಂದು ವಿಚಿತ್ರ ಇದೆ. ನಮ್ಮ ಕಡೆ ಜನ ಮನೆಗೆ ಬಂದವರನ್ನು ಬರಿಗೈಯಲ್ಲಿ, ಬರಿ ಹೊಟ್ಟೆಯಲ್ಲಿ ಕಳಿಸುವವರಲ್ಲ. ಗ್ಯಾಸ್ ಸಿಲಿಂಡರ್ ತಂದವನಿಗೂ ‘ನೀರು ಬೇಕೇನಪ್ಪ’ ಎಂದು ಕೇಳುತ್ತೇವೆ. ಅದೇ ಜನ ಚರ್ಚ್ ಅಂಗಳದಲ್ಲಿ ಹೊಸಬರನ್ನು ಕಂಡೂ ಕಾಣದ ಹಾಗೆ ಯಾಕೆ ನಿಲ್ಲುತ್ತಾರೆ? ಜಂಬದಿಂದ ಅಲ್ಲ. ಚರ್ಚ್ ಫಾದರ್ ಮನೆ, ನಾವೂ ಅಲ್ಲಿಗೆ ಬಂದುಹೋಗುವವರು ಎಂದೇ ಎಲ್ಲರೂ ಅಂದುಕೊಂಡಿದ್ದಾರೆ. ಬಂದವರನ್ನು ವಿಚಾರಿಸಿಕೊಳ್ಳುವುದು ಮನೆಯವರ ಕೆಲಸ, ನಮ್ಮದಲ್ಲ. ನಿಮ್ಮ ಧರ್ಮಕೇಂದ್ರದಲ್ಲಿ ಬದಲಾಗಬೇಕಾದ್ದು ಈ ಒಂದು ಭಾವನೆ. ಉಳಿದಿದ್ದೆಲ್ಲ ಅದರ ಹಿಂದೆ ಬರುತ್ತದೆ.

ಹಿರಿಯರ ಮಾತಿಗೆ ಬರೋಣ. ಅವರ ಜೊತೆ ಜಗಳ ಬೇಡ. ಅವರು ಧರ್ಮಸಭೆಯ ನಿಯಮಕ್ಕೆ ಬೆಲೆ ಕೊಡುವವರು, ಹಾಗಾಗಿ ನಿಯಮವನ್ನೇ ಅವರ ಮುಂದಿಡಿ. ಪೂಜೆಯನ್ನು ಹೇಗೆ ನಡೆಸಬೇಕು ಎಂದು ಹೇಳುವ ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನ ಇದೆಯಲ್ಲ, ಅದರ 105ನೇ ಅಂಶ ನೋಡಲಿ. ಬಾಗಿಲಲ್ಲಿ ಜನರನ್ನು ಎದುರುಗೊಂಡು ಅವರನ್ನು ಜಾಗಕ್ಕೆ ಕರೆದೊಯ್ಯುವವರನ್ನು ಅಲ್ಲಿ ಪೂಜೆಯ ಸೇವೆ ಮಾಡುವವರ ಸಾಲಿನಲ್ಲೇ ಸೇರಿಸಿದ್ದಾರೆ. ಅಂದರೆ ಅದು ಪೂಜೆಗೆ ಅಡ್ಡಿ ಅಲ್ಲ, ಪೂಜೆಯದೇ ಒಂದು ಕೆಲಸ. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ 13ನೇ ಅಧ್ಯಾಯದ ಶುರುವಿನಲ್ಲೇ ಅಪರಿಚಿತರನ್ನು ಸತ್ಕರಿಸುವುದನ್ನು ಮರೆಯಬೇಡಿ, ಹಾಗೆ ಮಾಡಿ ಕೆಲವರು ತಮಗೇ ತಿಳಿಯದೆ ದೇವದೂತರನ್ನು ಸತ್ಕರಿಸಿದ್ದಾರೆ ಎಂದಿದೆ. ಮಮ್ರೆಯಲ್ಲಿ ಅಬ್ರಹಾಮ ಉರಿಬಿಸಿಲಲ್ಲಿ ಓಡಿಹೋಗಿ ಮೂವರನ್ನು ಕರೆತಂದ ಕಥೆ ಅದು. ಅವರು ಯಾರು, ಯಾವ ಊರು ಎಂದು ಅವನು ಕೇಳಲಿಲ್ಲ. ಕಾಲಿಗೆ ನೀರು ಕೊಟ್ಟು, ಹೆಂಡತಿ ಸಾರಾಳಿಗೆ ಬೇಗ ರೊಟ್ಟಿ ಮಾಡು ಎಂದ.

ಆರನೇ ಶತಮಾನದ ಸಂತ ಬೆನೆಡಿಕ್ಟ್ ತಮ್ಮ ಮಠಗಳಿಗೆ ಬರೆದ ನಿಯಮದಲ್ಲಿ ಇದಕ್ಕೆಂದೇ ಒಂದು ಅಧ್ಯಾಯ ಇಟ್ಟಿದ್ದಾರೆ, 53ನೆಯದು. ಬಂದ ಅತಿಥಿಯನ್ನು ಕ್ರಿಸ್ತನೇ ಬಂದ ಹಾಗೆ ಬರಮಾಡಿಕೊಳ್ಳಬೇಕು ಎಂಬ ಮಾತು ಎಲ್ಲರಿಗೂ ಗೊತ್ತು. ನನಗೆ ಇಷ್ಟವಾದದ್ದು ಅದೇ ಅಧ್ಯಾಯದ ಇನ್ನೊಂದು ಮಾತು. ಬಡವರನ್ನೂ ಯಾತ್ರಿಕರನ್ನೂ ಜಾಸ್ತಿ ಕಾಳಜಿಯಿಂದ ನೋಡಿಕೊಳ್ಳಿ, ಶ್ರೀಮಂತರಿಗೆ ಹೇಗೂ ಜನ ಹೆದರಿಯೇ ಮರ್ಯಾದೆ ಕೊಡುತ್ತಾರೆ ಎನ್ನುತ್ತಾರೆ. ಎಷ್ಟು ಕಂಡವರಿರಬೇಕು ಅವರು! 66ನೇ ಅಧ್ಯಾಯದಲ್ಲಿ ಬಾಗಿಲು ಕಾಯುವವರು ಹೇಗಿರಬೇಕು ಎಂದೂ ಇದೆ. ವಯಸ್ಸಾದ, ವಿವೇಕ ಇರುವ, ಅಲ್ಲಿ ಇಲ್ಲಿ ಅಲೆಯದ ಮನುಷ್ಯ. ಬಡವ ಕೂಗಿದರೂ ಯಾರೇ ತಟ್ಟಿದರೂ ‘ದೇವರಿಗೆ ಸ್ತೋತ್ರ’ ಎಂದೋ ‘ಆಶೀರ್ವದಿಸಿ’ ಎಂದೋ ಅವನು ಉತ್ತರ ಕೊಡಬೇಕಂತೆ.

ಇದು ನಿಮಗೆ ಉಪಾಯವೂ ಆಗುತ್ತದೆ. ನಿಮ್ಮ ಮಂಡಳಿಯಲ್ಲಿ ಯಾರು ಜಾಸ್ತಿ ವಿರೋಧ ಮಾಡುತ್ತಾರೋ ಆ ಹಿರಿಯರನ್ನೇ ಬಾಗಿಲಿಗೆ ಕರೆಯಿರಿ. ಯುವಕರ ಸಂಘದ ಹುಡುಗರು ಮೊದಲ ತಿಂಗಳು ಹುಮ್ಮಸ್ಸಿನಲ್ಲಿ ಬರುತ್ತಾರೆ, ಪರೀಕ್ಷೆ ಬಂದ ಕೂಡಲೇ ಕಾಣಿಸುವುದಿಲ್ಲ. ಅರವತ್ತು ದಾಟಿದವರು ಹೇಗೂ ಪೂಜೆಗೆ ಅರ್ಧ ಗಂಟೆ ಮುಂಚೆ ಬಂದು ಕೂತಿರುತ್ತಾರೆ. ಒಬ್ಬ ಅಜ್ಜ, ಒಬ್ಬ ಅಮ್ಮ ಸಾಕು. ಎಂಟು ಜನ ಸಾಲಾಗಿ ಕೈಮುಗಿದು ನಿಂತರೆ ಮದುವೆ ಛತ್ರದ ಹಾಗೆ ಕಾಣುತ್ತದೆ, ಹೊಸಬರು ಇನ್ನಷ್ಟು ಮುದುಡಿಕೊಳ್ಳುತ್ತಾರೆ.

ಬಾಗಿಲಲ್ಲಿ ಏನು ಮಾತಾಡಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ಮಂಡ್ಯದಲ್ಲಿ ಯಾರನ್ನು ಕಂಡರೂ ಮೊದಲು ‘ಯಾವೂರು?’ ಎನ್ನುತ್ತೇವೆ. ತಪ್ಪೇನಿಲ್ಲ, ಪ್ರೀತಿಯಿಂದಲೇ ಕೇಳುವುದು. ಆದರೆ ಅದರ ಹಿಂದೆಯೇ ‘ಯಾರ ಪೈಕಿ?’, ‘ಯಾವ ಬೀದಿಯವರು?’ ಎಂದು ಬರುತ್ತದೆ. ಆ ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿಸಿಕೊಳ್ಳುವವರಿಗೆ ಚೆನ್ನಾಗಿ ಗೊತ್ತು. ಜಾತಿ ಚರ್ಚಿನ ಗೇಟಿನ ಹೊರಗೇ ನಿಂತುಬಿಡುತ್ತದೆ ಎಂದು ನಾವು ನಟಿಸುವುದು ಬೇಡ. ಯಾರ ಮದುವೆಗೆ ಯಾರು ಊಟಕ್ಕೆ ಕೂರುವುದಿಲ್ಲ ಎನ್ನುವುದು ನಿಮ್ಮ ಊರಲ್ಲೂ ಎಲ್ಲರಿಗೂ ಗೊತ್ತಿರುತ್ತದೆ, ಅಲ್ವಾ? ಹಾಗಾಗಿ ಸ್ವಾಗತಕ್ಕೆ ನಿಂತವರಿಗೆ ಒಂದೇ ಕಟ್ಟುನಿಟ್ಟು: ಊರು, ಪೈಕಿ, ಮನೆಹೆಸರು ಕೇಳುವ ಹಾಗಿಲ್ಲ. ತಮ್ಮ ಹೆಸರು ಮೊದಲು ಹೇಳಲಿ. ‘ಬನ್ನಿ, ಇಲ್ಲಿ ಫ್ಯಾನ್ ಕೆಳಗೆ ಕೂತ್ಕೊಳ್ಳಿ, ಹಾಡಿನ ಪುಸ್ತಕ ತಗೊಳ್ಳಿ’ ಎನ್ನಲಿ. ಬಾತ್‌ರೂಮ್ ಎಲ್ಲಿದೆ, ಕುಡಿಯುವ ನೀರು ಎಲ್ಲಿದೆ ಎಂದು ತೋರಿಸಲಿ. ಮಗು ಇದ್ದರೆ ಅತ್ತಾಗ ಎದ್ದುಹೋಗಲು ಸುಲಭವಾಗುವ ಜಾಗ ಕೊಡಲಿ, ಅತ್ತ ಮಗುವಿನ ಕಡೆ ತಿರುಗಿ ದುರುಗುಟ್ಟುವವರನ್ನು ಮೆಲ್ಲಗೆ ಸುಮ್ಮನಾಗಿಸಲಿ. ಅಷ್ಟೇ. ಪೂಜೆ ಮಧ್ಯೆ ‘ಇವತ್ತು ಹೊಸದಾಗಿ ಬಂದವರು ಎದ್ದು ನಿಲ್ಲಿ’ ಎಂದು ಮೈಕಿನಲ್ಲಿ ಕೂಗಿ ಚಪ್ಪಾಳೆ ಹೊಡೆಸುವ ಪದ್ಧತಿ ಕೆಲವು ಕಡೆ ಇದೆ. ದಯವಿಟ್ಟು ಅದನ್ನು ತರಬೇಡಿ. ನಾಚಿಕೆ ಸ್ವಭಾವದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಸೀಟಿನ ವಿಷಯವೂ ಇದಕ್ಕೇ ಸೇರಿದ್ದು. ಹಬ್ಬದ ದಿನ ಮುಂದೆ ಸೋಫಾ ಹಾಕಿ ದಾನಿಗಳಿಗೆ ಎಂದು ಚೀಟಿ ಅಂಟಿಸುತ್ತೇವಲ್ಲ, ಅದನ್ನು ಒಮ್ಮೆ ಯೋಚನೆ ಮಾಡಿ. ಸಂತ ಯಕೋಬರ ಪತ್ರದ ಎರಡನೇ ಅಧ್ಯಾಯ ಇದೇ ಜಗಳದಿಂದ ಶುರುವಾಗುತ್ತದೆ. ಚಿನ್ನದುಂಗುರದವನಿಗೆ ಒಳ್ಳೆ ಜಾಗ, ಕೊಳೆ ಬಟ್ಟೆಯವನಿಗೆ ಕಾಲ ಬುಡ. ಜಗತ್ತಿನ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯ ಬಗ್ಗೆ ಹೊರಡಿಸಿದ ದಾಖಲೆಯ 32ನೇ ಅಂಶ ಇನ್ನೂ ನೇರ: ಪೂಜೆಯಲ್ಲಿ ಸೇವೆ ಮಾಡುವವರನ್ನು ಮತ್ತು ಸರ್ಕಾರದ ಅಧಿಕಾರಿಗಳನ್ನು ಬಿಟ್ಟರೆ ಬೇರೆ ಯಾವ ವ್ಯಕ್ತಿಗೂ ಯಾವ ವರ್ಗಕ್ಕೂ ವಿಶೇಷ ಮರ್ಯಾದೆ ಇಲ್ಲ. ಪೂಜಾಗ್ರಂಥದ ನಿರ್ದೇಶನವೂ 311ರಲ್ಲಿ ಖಾಸಗಿಯವರಿಗೆ ಸೀಟು ಕಾದಿರಿಸುವ ಪದ್ಧತಿ ಸರಿಯಲ್ಲ ಎನ್ನುತ್ತದೆ. ಎಂಎಲ್‌ಎ ಬಂದರೆ ಒಂದು ಕುರ್ಚಿ ಕೊಡಿ, ಅದಕ್ಕೆ ಅಡ್ಡಿಯಿಲ್ಲ. ಉಳಿದ ಮುಂದಿನ ಸಾಲು ಕಾಲು ನೋವಿನ ಅಜ್ಜಿಯರಿಗೆ ಇರಲಿ.

ಈಗ ಪೂಜೆ ಆದ ಮೇಲಿನ ಹತ್ತು ನಿಮಿಷ. ನನ್ನ ಪ್ರಕಾರ ನಿಮ್ಮ ಶಕ್ತಿಯ ಮುಕ್ಕಾಲು ಪಾಲು ಇಲ್ಲಿ ಹೋಗಬೇಕು. ಮಂಡಳಿಯವರಿಗೆ ಒಂದು ನಿಯಮ ಮಾಡಿ: ಪೂಜೆ ಮುಗಿದ ಮೊದಲ ಐದು ನಿಮಿಷ ತಮಗೆ ಪರಿಚಯ ಇಲ್ಲದವರ ಜೊತೆ ಮಾತ್ರ ಮಾತು. ಲೆಕ್ಕಪತ್ರ, ಬಾಡಿಗೆ, ಜಗಳ ಎಲ್ಲ ಆಮೇಲೆ. ಫಾದರ್ ಕೂಡ ಆ ಐದು ನಿಮಿಷ ಮಂಡಳಿಯವರಿಗೆ ಸಿಗಬಾರದು. ತಿಂಗಳಿಗೆ ಒಂದು ಭಾನುವಾರ ಕಾಫಿ ಇಡಿ. ಪ್ರತಿ ವಾರ ಬೇಡ, ಸುಸ್ತಾಗುತ್ತದೆ. ಒಂದೊಂದು ಬೀದಿಯ ಕುಟುಂಬಗಳು ಸೇರುವ ಕಿರು ಸಮುದಾಯಗಳು ಸರದಿ ಪ್ರಕಾರ ನೋಡಿಕೊಳ್ಳಲಿ, ಒಂದು ಸಲ ಒಂದು ಬೀದಿಯವರು. ಕಾಫಿ, ಒಂದು ಬನ್ನು ಅಥವಾ ಸ್ವಲ್ಪ ಉಪ್ಪಿಟ್ಟು. ಒಂದು ಬೀದಿಯವರು ಉಪ್ಪಿಟ್ಟು ಮಾಡಿದರೆ ಮುಂದಿನವರು ಕೇಸರಿಬಾತ್ ಸೇರಿಸಿ, ಅದರ ಮುಂದಿನವರು ಇಡ್ಲಿ-ವಡೆ ತರುವ ಪೈಪೋಟಿ ಶುರುವಾಗುತ್ತದೆ, ಅದನ್ನು ಮೊದಲೇ ತಡೆಯಿರಿ. ಬಡ ಬೀದಿಯವರ ಸರದಿ ಬಂದಾಗ ಅವರಿಗೆ ಕಷ್ಟ ಆಗಬಾರದು. ಮುಖ್ಯವಾದ ವಿಷಯ, ಲೋಟ ಹಿಡಿದು ಹಂಚುವ ಕೆಲಸ ಎಲ್ಲ ಬೀದಿಯವರಿಗೂ ಬರಬೇಕು. ಯಾರ ಕೈಯಿಂದ ಯಾರು ಕಾಫಿ ಕುಡಿಯುತ್ತಾರೆ ಎನ್ನುವುದು ನಮ್ಮೂರಲ್ಲಿ ಸಣ್ಣ ಮಾತಲ್ಲ.

ಅಂಗಳ ದಾಟಿದರೆ ಆಫೀಸು. ಜನ ಚರ್ಚನ್ನು ಪ್ರೀತಿಸುವುದೋ ದೂರವಾಗುವುದೋ ಬಹಳ ಸಲ ಆಫೀಸಿನ ಮೇಜಿನ ಮುಂದೆ ತೀರ್ಮಾನ ಆಗುತ್ತದೆ. ಮಗುವಿನ ದೀಕ್ಷಾಸ್ನಾನ, ಮದುವೆ ಪತ್ರ, ಸಾವು. ಈ ಮೂರಕ್ಕೆ ಬಂದವರು ಅರ್ಧ ಗಾಬರಿಯಲ್ಲಿರುತ್ತಾರೆ. ಅವರಿಗೆ ಮೊದಲು ಕೇಳಿಸುವ ಮಾತು ‘ಚಂದಾ ಎಲ್ಲಿವರೆಗೂ ಕಟ್ಟಿದ್ದೀರಿ?’ ಎಂದಾದರೆ ಕಥೆ ಮುಗಿಯಿತು. ಚಂದಾ ಬೇಡ ಎಂದಲ್ಲ, ಕರೆಂಟ್ ಬಿಲ್ ಯಾರಾದರೂ ಕಟ್ಟಲೇಬೇಕು. ಆದರೆ ಅದನ್ನು ಸಂಸ್ಕಾರಕ್ಕೆ ಗಂಟು ಹಾಕಬಾರದು. 1983ರ ಧರ್ಮಸಭೆಯ ಕಾನೂನಿನ 848ನೇ ವಿಧಿ ಇದನ್ನೇ ಹೇಳುತ್ತದೆ, ಬಡತನದ ಕಾರಣಕ್ಕೆ ಯಾರಿಗೂ ಸಂಸ್ಕಾರ ತಪ್ಪದ ಹಾಗೆ ನೋಡಿಕೊಳ್ಳಬೇಕು. ಚರ್ಚ್ ಸುಂಕದ ಕಟ್ಟೆ ಅಲ್ಲ ಎಂದು ಪೋಪ್ ಫ್ರಾನ್ಸಿಸ್ 2013ರಲ್ಲಿ ಬರೆದದ್ದೂ ಇದಕ್ಕೇ.

ಇನ್ನೊಂದು ಮಾತು ಆಫೀಸಿನಲ್ಲಿ ಕೇಳಿಬರುತ್ತದೆ: ‘ನಿಮ್ಮ ಹೆಸರು ನಮ್ಮ ರಿಜಿಸ್ಟರಿನಲ್ಲಿಲ್ಲ, ನೀವು ನಮ್ಮ ಧರ್ಮಕೇಂದ್ರದವರಲ್ಲ.’ ಇದು ಕಾನೂನಿನ ಪ್ರಕಾರವೂ ತಪ್ಪು. ಧರ್ಮಕೇಂದ್ರ ಸಾಮಾನ್ಯವಾಗಿ ಒಂದು ಪ್ರದೇಶಕ್ಕೆ ಸೇರಿದ್ದು, ಆ ಪ್ರದೇಶದಲ್ಲಿ ವಾಸ ಇರುವ ಕಥೋಲಿಕರೆಲ್ಲ ಅದರವರು. ಅದು 518ನೇ ವಿಧಿ. ಇನ್ನು 102ನೇ ವಿಧಿ ನೋಡಿದರೆ ಐದು ವರ್ಷ ಇದ್ದವರಿಗೆ ಅದು ಪೂರ್ತಿ ನೆಲೆ, ಮೂರು ತಿಂಗಳು ಇದ್ದವರಿಗೂ, ಮೂರು ತಿಂಗಳಾದರೂ ಇರಬೇಕೆಂದು ಬಂದವರಿಗೂ ಅದು ತಾತ್ಕಾಲಿಕ ನೆಲೆ. ತಾತ್ಕಾಲಿಕ ನೆಲೆಯಿಂದಲೂ ಅಲ್ಲಿನ ಫಾದರ್ ಅವರ ಫಾದರೇ. ಅಂದರೆ ನಿಮ್ಮ ಜಾರ್ಖಂಡ್ ಹುಡುಗರು, ಆರು ತಿಂಗಳ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಮಲಗುವವರು, ನಿಮ್ಮ ಧರ್ಮಕೇಂದ್ರದವರೇ. ಅವರು ಅತಿಥಿಗಳೂ ಅಲ್ಲ. ಇದನ್ನು ಮಂಡಳಿಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. 529ನೇ ವಿಧಿ ಬಡವರು, ಒಂಟಿಯಾದವರು, ಊರು ಬಿಟ್ಟು ಬಂದವರನ್ನು ವಿಶೇಷವಾಗಿ ಹುಡುಕಿಕೊಂಡು ಹೋಗಬೇಕು ಎನ್ನುವುದನ್ನೂ ಸೇರಿಸಿ.

ಅವರ ಜೊತೆ ಭಾಷೆಯ ತೊಡಕು ಬರುತ್ತದೆ. ಭಾಷೆ ನಮ್ಮ ಚರ್ಚುಗಳಲ್ಲಿ ಎಷ್ಟು ಸೂಕ್ಷ್ಮ ಎಂದು ನಿಮಗೆ ಹೇಳಬೇಕಿಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ. ಭಾನುವಾರದ ಮುಖ್ಯ ಪೂಜೆ ಕನ್ನಡದಲ್ಲೇ ಪೂರ್ತಿ ನಡೆಯಲಿ. ಅರ್ಧ ಹಿಂದಿ, ಕಾಲು ತಮಿಳು, ಒಂದು ಇಂಗ್ಲಿಷ್ ಹಾಡು ಎಂದು ತುಂಡು ಮಾಡಿದರೆ ಯಾರಿಗೂ ಪ್ರಾರ್ಥನೆ ಮಾಡಿದ ಹಾಗಾಗುವುದಿಲ್ಲ. ಆದರೆ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಬಿನ್ನಹವನ್ನು ಆ ಹುಡುಗರಲ್ಲೊಬ್ಬ ತನ್ನ ಭಾಷೆಯಲ್ಲೇ ಮಾಡಲಿ. ಆ ದಿನದ ಬೈಬಲ್ ವಾಚನ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಅವರು ಫೋನಿನಲ್ಲಿ ತಮ್ಮ ಭಾಷೆಯಲ್ಲಿ ಓದಿಕೊಳ್ಳುತ್ತಾರೆ. ನರ್ಸಿಂಗ್ ಹುಡುಗಿಯರಲ್ಲಿ ಕೇರಳದ ಸೀರೋ ಮಲಬಾರ್ ಸಭೆಯವರು, ಅಂದರೆ ಕಥೋಲಿಕರೇ ಆದರೂ ಪೂಜಾವಿಧಿ ಬೇರೆ ಇರುವವರು, ಇರಬಹುದು. ಅವರಿಗೆ 2010ರಿಂದ ಮಂಡ್ಯ ಹೆಸರಿನದೇ ಬೇರೆ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಇದೆ. ಅವರ ಪೂಜೆ ಹತ್ತಿರದಲ್ಲಿ ಎಲ್ಲಿ, ಎಷ್ಟು ಗಂಟೆಗೆ ಎಂದು ನೀವೇ ವಿಚಾರಿಸಿ ತಿಳಿಸಿ. ‘ನಮ್ಮ ಸಂಖ್ಯೆ ಕಮ್ಮಿಯಾಗುತ್ತದೆ’ ಎಂದು ಮುಚ್ಚಿಡಬೇಡಿ.

ಕ್ರೈಸ್ತರಲ್ಲದವರು ಬಂದಾಗ ಏನು ಮಾಡಬೇಕು ಎಂದು ನೀವು ಕೇಳಿಲ್ಲ, ಆದರೂ ಕೇಳಿಯೇ ಕೇಳುತ್ತೀರಿ. ನಮ್ಮ ಭಾಗದಲ್ಲಿ ಇದು ಹೊಸದಲ್ಲ. ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಕೆ.ಆರ್. ನಗರದ ಕಡೆಯ ದೋರನಹಳ್ಳಿ ಸಂತ ಅಂತೋಣಿಯವರ ಬಸಿಲಿಕಕ್ಕೆ ಮಂಗಳವಾರ ಹೋಗಿ ನೋಡಿ, ಮೊಂಬತ್ತಿ ಹಿಡಿದವರಲ್ಲಿ ಎಷ್ಟೋ ಜನ ಕುಂಕುಮ ಇಟ್ಟವರೇ. ಹೀಗೆ ಬಂದವರು ಪೂಜೆಯಲ್ಲಿ ಪರಮಪ್ರಸಾದದ (ಕಮ್ಯುನಿಯನ್) ಸಾಲಿಗೂ ಬಂದುಬಿಡುತ್ತಾರೆ. ದೇವಸ್ಥಾನದಲ್ಲಿ ಕೈ ಚಾಚಿ ಅಭ್ಯಾಸ, ಇಲ್ಲೂ ಹಾಗೇ ಚಾಚುತ್ತಾರೆ. ಬಲಿಪೀಠದ ಮುಂದೆ ಎಲ್ಲರೆದುರು ‘ನಿಮಗಿಲ್ಲ’ ಎಂದರೆ ಅವರ ಮುಖ ನೋಡಲಾಗುವುದಿಲ್ಲ. ಅದಕ್ಕೇ ಸಾಲು ಶುರುವಾಗುವ ಮುಂಚೆ ಮೈಕಿನಲ್ಲಿ ಎರಡು ಸಾಲು ಹೇಳಿಸಿ: ಪರಮಪ್ರಸಾದ ದೀಕ್ಷಾಸ್ನಾನ ಪಡೆದು ಸಿದ್ಧರಾದ ಕಥೋಲಿಕರಿಗೆ, ಉಳಿದವರು ಎದೆಯ ಮೇಲೆ ಕೈಯಿಟ್ಟುಕೊಂಡು ಬಂದು ಆಶೀರ್ವಾದ ಪಡೆಯಬಹುದು. ಬಾಗಿಲಲ್ಲಿ ನಿಂತ ಅಮ್ಮ ಅವರ ಪಕ್ಕ ಹೋಗಿ ಮೊದಲೇ ಕಿವಿಯಲ್ಲಿ ಹೇಳಿದರೆ ಇನ್ನೂ ಚೆನ್ನ. ಹೊರಗೆ ಬಂದ ಮೇಲೆ ಅವರ ಕೈಗೆ ಕಾಫಿ ಮಾತ್ರ ಕೊಡಿ, ಕರಪತ್ರ ಬೇಡ. ಮತಾಂತರದ ಆರೋಪ ಕೇಳಿಬರುವ ಇವತ್ತಿನ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಅದು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಪ್ರಾರ್ಥನೆಗೆ ಬಂದವರು ಪ್ರಾರ್ಥನೆ ಮಾಡಿಕೊಂಡು ಹೋಗಲಿ.

ಮೊದಲ ಸಲ ಬಂದವರ ಹೆಸರು, ಫೋನ್ ನಂಬರು ಕೊಟ್ಟರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೊಡದಿದ್ದರೆ ಒತ್ತಾಯ ಬೇಡ. ಕೇಳದೆ ವಾಟ್ಸಾಪ್ ಗ್ರೂಪಿಗೆ ಸೇರಿಸಬೇಡಿ, ಗುಡ್ ಮಾರ್ನಿಂಗ್ ಚಿತ್ರಗಳಿಗೆ ಹೆದರಿ ಓಡಿಹೋದವರಿದ್ದಾರೆ. ಆ ವಾರದೊಳಗೆ ಅವರ ಮನೆ ಹತ್ತಿರದ ಕಿರು ಸಮುದಾಯದ ಒಂದು ಕುಟುಂಬ ಹೋಗಿ ಮಾತಾಡಿಸಲಿ. ಫಾದರ್ ಅಲ್ಲ, ಅಕ್ಕಪಕ್ಕದವರು. ಹಾಲು ಎಲ್ಲಿ ಸಿಗುತ್ತದೆ, ಒಳ್ಳೆ ಡಾಕ್ಟರ್ ಯಾರು, ಮಕ್ಕಳಿಗೆ ಯಾವ ಸ್ಕೂಲು, ಇಂಥ ಮಾತು ಸಾಕು. ತಿಂಗಳು ಎರಡು ತಿಂಗಳಲ್ಲಿ ಅವರಿಗೆ ಒಂದು ಕೆಲಸ ಕೊಡಿ. ವಾಚನ ಓದುವುದು, ಕಾಣಿಕೆ ತರುವುದು, ಹಬ್ಬದ ಅಡುಗೆಯಲ್ಲಿ ಈರುಳ್ಳಿ ಹೆಚ್ಚುವುದು. ತೇರಿನ ದಿನ ಪಾತ್ರೆ ಎತ್ತಲು ಕೈ ಜೋಡಿಸಿದವರು ತಾವಾಗಿಯೇ ಅಂಗಳದ ಗುಂಪಿಗೆ ಸೇರಿಕೊಳ್ಳುತ್ತಾರೆ. ಮೊದಲ ವರ್ಷ ದೊಡ್ಡ ವಂತಿಗೆ ಕೇಳಬೇಡಿ. ಒಂದು ಎಚ್ಚರಿಕೆ ಮಾತ್ರ ಇರಲಿ: ಮಕ್ಕಳ ಧರ್ಮೋಪದೇಶ ತರಗತಿಗೆ, ಗಾಯನ ತಂಡದ ಮಕ್ಕಳ ಜವಾಬ್ದಾರಿಗೆ ಹೊಸಬರನ್ನು ಗೊತ್ತು ಗುರಿ ಇಲ್ಲದೆ ಹಾಕಬೇಡಿ. ಹಳಬರಾದರೂ ಒಬ್ಬರೇ ಮಕ್ಕಳ ಜೊತೆ ಇರಬಾರದು, ಯಾವಾಗಲೂ ಇಬ್ಬರು ದೊಡ್ಡವರು.

ಆ ನೋಟ್‌ಬುಕ್ಕಿನ ಕೊನೆ ಪುಟಗಳಲ್ಲಿ ಇನ್ನೊಂದು ಪಟ್ಟಿ ಇರಲಿ, ಬರುವುದು ನಿಲ್ಲಿಸಿದ ಹಳಬರದ್ದು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಆದವರು, ಬೇರೆ ಧರ್ಮದವರನ್ನು ಮದುವೆಯಾದ ಮಗಳಿಂದ ತಲೆ ತಗ್ಗಿಸಿಕೊಂಡ ಅಪ್ಪ-ಅಮ್ಮ, ಹಿಂದಿನ ಮಂಡಳಿಯ ಜೊತೆ ಜಗಳ ಆಡಿಕೊಂಡು ಹೋದವರು. ಹೊಸಬರಿಗಿಂತ ಇವರ ಸಂಖ್ಯೆಯೇ ಜಾಸ್ತಿ ಇರಬಹುದು. ಇವರ ಮನೆಗೆ ಹೋಗುವುದು ಕಷ್ಟ, ಬೈಸಿಕೊಳ್ಳಬೇಕಾಗುತ್ತದೆ. ಹೋಗಿ ಬೈಸಿಕೊಂಡು, ಕಾಫಿ ಕೊಟ್ಟರೆ ಕುಡಿದು ಬನ್ನಿ. ಅಲ್ಲಿ ಸಮರ್ಥನೆ ಮಾಡಿಕೊಳ್ಳಲು ಮಾತ್ರ ಹೋಗಬೇಡಿ.

ಈ ಯಾವ ಕೆಲಸವೂ ಈಗಿನ ಫಾದರ್ ಉತ್ಸಾಹದ ಮೇಲೆ ನಿಂತಿರಬಾರದು. ಕೆಲವು ವರ್ಷಕ್ಕೆ ಅವರಿಗೆ ವರ್ಗ ಆಗುತ್ತದೆ, ಮುಂದಿನವರಿಗೆ ಬೇರೆ ಏನೋ ಇಷ್ಟ ಇರಬಹುದು. ಕೆಲಸ ನಿಮ್ಮ ಬೀದಿಗಳ ಕೈಯಲ್ಲಿದ್ದರೆ ಉಳಿಯುತ್ತದೆ. ಹೊಸ ಫಾದರ್ ಬಂದ ದಿನ ಆ ನೋಟ್‌ಬುಕ್ ಅವರ ಕೈಗೆ ಕೊಟ್ಟು ಹೆಸರುಗಳನ್ನು ಓದಿ ಹೇಳಿ. ಅವರೂ ಆ ಊರಿಗೆ ಹೊಸಬರೇ ತಾನೆ. ಮೊದಲ ವಾರ ಅವರ ಊಟ ಯಾವ ಬೀದಿಯವರದ್ದು ಎಂದು ಮುಂಚೆಯೇ ಮಾತಾಡಿಟ್ಟುಕೊಳ್ಳಿ.